ಗೌರಾಬಾಯಿ ಹಂಚಿದ ಗುಳಿಗೆ

ಕೊಡುವ ಕೈ ಎಂದು ಗೌರಾಬಾಯಿಗೆ ಊರಲ್ಲಿ ಹೆಸರಿತ್ತು. ಆ ಹೆಸರು ಅವಳ ತಲೆಗೆ ತುಸು ಏರಿಯೂ ಇತ್ತು. ಕಾಗವಾಡದ ಆಚೆ ಗಂಡ ರಾವಸಾಹೇಬನ ದ್ರಾಕ್ಷಿ ತೋಟ. ಅಲ್ಲಿ ಕೆಲಸಕ್ಕೆ ಬರುವ ಹೆಂಗಸರಿಗೆ ಹಳೆ ಸೀರೆ, ಉಪ್ಪಿನಕಾಯಿ, ಜ್ವರದ ಗುಳಿಗೆ, ಏನು ಕೇಳಿದರೂ ಇಲ್ಲ ಅನ್ನುತ್ತಿರಲಿಲ್ಲ. ಕೇಳದಿದ್ದರೂ ಕೊಡುತ್ತಿದ್ದಳು. ಅವರಲ್ಲಿ ಭೀಮಾಬಾಯಿಯ ಮೇಲೆ ಅವಳಿಗೆ ಹೆಚ್ಚಿನ ಜೀವ. ಕುರಿ ಕಾಯುವ ಮನೆತನದವಳು, ಗೌರಾಬಾಯಿಯ ಓರಗೆಯವಳು. ಇಬ್ಬರೂ ಐವತ್ತರ ಹತ್ತಿರ ಬಂದಿದ್ದರು.

ಗರ್ಭಕೋಶ ತೆಗೆಸಿದ ಮೇಲೆ ಗೌರಾಬಾಯಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಉರಿದು ಬೆವರು ಕಿತ್ತು ಬರತೊಡಗಿತು. ಮಿರಜದ ಡಾಕ್ಟರಬಾಯಿ ಪರದೆ ಎಳೆದು, ಕುಪ್ಪಸ ಬಿಚ್ಚಿಸಿ, ಎರಡೂ ಎದೆಯನ್ನು ಒತ್ತಿ ಒತ್ತಿ ನೋಡಿದರು. ಗಂಟೇನಾದರೂ ಕೈಗೆ ಹತ್ತಿದೆಯೇ, ತಾಯಿಗೆ, ಅಕ್ಕತಂಗಿಯರಿಗೆ ಎದೆಯ ಬೇನೆ ಇತ್ತೇ ಎಂದು ಕೇಳಿದರು. ಗೌರಾಬಾಯಿ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡೇ ಇಲ್ಲ ಎಂದಳು. ಆಮೇಲೆ ಹಾರ್ಮೋನಿನ ಗುಳಿಗೆ ಬರೆದುಕೊಟ್ಟರು.

"ಹಾರ್ಮೋನ್ ಅಂದ್ರ ಏನ್ರಿ?" ಎಂದು ಅವಳು ದಾರಿಯಲ್ಲಿ ಗಂಡನನ್ನು ಕೇಳಿದಳು.

"ಕಾಳ ದಪ್ಪ ಆಗಲಿ ಅಂತ ನಾವು ದ್ರಾಕ್ಷಿ ಗೊನಿ ಔಷಧದಾಗ ಅದ್ದೂದಿಲ್ಲೇನು, ಆ ಔಷಧನೂ ಹಾರ್ಮೋನನ ನೋಡು," ಎಂದ ರಾವಸಾಹೇಬ.

ಅಲ್ಲಿಗೆ ಗೌರಾಬಾಯಿಗೆ ಎಲ್ಲ ತಿಳಿದುಹೋಯಿತು. ಗೊನೆ ಅದ್ದುವಾಗ ಈ ಬಳ್ಳಿಗೆ ಹೆಂಗೆ, ಆ ಬಳ್ಳಿಗೆ ಹೆಂಗೆ ಎಂದು ಯಾರು ಕೇಳುತ್ತಾರೆ? ಒಂದೇ ಔಷಧ, ಇಡೀ ತೋಟಕ್ಕೆ.

ದೀಪಾವಳಿ ಮುಗಿದು ಗೊನೆ ಅದ್ದುವ ಕೆಲಸ ನಡೆದಿತ್ತು. ತಣ್ಣನೆಯ ಮುಂಜಾವಿನಲ್ಲೂ ಭೀಮಾಬಾಯಿ ಔಷಧದ ಮಗ್ಗು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೈಯಾಗ ಬೆಂಕಿ ಹೊಕ್ಕಂಗ ಆಗತೈತ್ರಿ ಅಕ್ಕಾರ. ರಾತ್ರಿ ನಿದ್ದಿ ಇಲ್ಲ."

"ನನಗೂ ಹಂಗ ಇತ್ತು. ತಗೋ, ದಿನಾ ಒಂದು ನುಂಗು. ಯಾರ ಮುಂದೂ ಹೇಳಬ್ಯಾಡ. ಎಲ್ಲಾರೂ ಕೇಳಾಕ ಹತ್ತತಾರ," ಎಂದು ಗೌರಾಬಾಯಿ ಒಂದು ಪಾಕೀಟು ಅವಳ ಕೈಗಿಟ್ಟಳು. ಡಾಕ್ಟರಬಾಯಿಯ ಪರದೆ, ಆ ಪ್ರಶ್ನೆಗಳು ನಾಲಿಗೆಯವರೆಗೆ ಬಂದವು. ಎದೆ ಮುಟ್ಟಿಸಿಕೊಂಡ ಸುದ್ದಿಯನ್ನು ಕೆಲಸದವಳ ಮುಂದೆ ಹೇಗೆ ಹೇಳುವುದು ಎಂದು ನುಂಗಿಕೊಂಡಳು.

ವಾರದಲ್ಲೇ ಭೀಮಾಬಾಯಿ ಹಾಯಾಗಿ ನಿದ್ದೆ ಮಾಡಿದೆ ಎಂದಳು. ಗೌರಾಬಾಯಿ ಹಿಗ್ಗಿ, ಮಿರಜಕ್ಕೆ ಹೋಗುವವರ ಕೈಲೆಲ್ಲ ಎರಡೆರಡು ಪಾಕೀಟು ತರಿಸತೊಡಗಿದಳು.

ಶಿವರಾತ್ರಿ ಮುಂದೆ ಇರುವಾಗ ಭೀಮಾಬಾಯಿ ಅವಳನ್ನು ಪಂಪಿನ ಮನೆಯ ಹಿಂದೆ ಕರೆದು ಕುಪ್ಪಸ ಸರಿಸಿ ತೋರಿಸಿದಳು. ಎಡ ಎದೆಯಲ್ಲಿ ಗಟ್ಟಿ ಗಂಟು, ಮೇಲೆ ಚರ್ಮ ಒಳಗೆ ಎಳೆದಿತ್ತು.

"ಮೊದಲ ಕಡ್ಲಿಕಾಳಷ್ಟ ಇತ್ರಿ. ಹೋದ ಮಳಿಗಾಲದಿಂದ. ಕೊಬ್ಬಿನ ಗಂಟ ಅಂತ ಸುಮ್ಮನಿದ್ದೆ."

ಹೋದ ಮಳೆಗಾಲದಿಂದ! ಗೌರಾಬಾಯಿ ಮನಸ್ಸಿನಲ್ಲೇ ತಿಂಗಳು ಎಣಿಸಿದಳು. ಗುಳಿಗೆ ಕೊಡುವ ಮೊದಲೇ ಗಂಟು ಇತ್ತು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದಳು.

ಮರುದಿನವೇ ಮಿರಜಕ್ಕೆ ಕರೆದುಕೊಂಡು ಹೋದಳು. ಅದೇ ಡಾಕ್ಟರಬಾಯಿ, ಅದೇ ಪರದೆ. ಯಾವುದಾದರೂ ಗುಳಿಗೆ ತೆಗೆದುಕೊಳ್ಳುತ್ತಿದ್ದೀಯಾ ಎಂದು ಅವರು ಕೇಳಿದಾಗ ಭೀಮಾಬಾಯಿ ಒಮ್ಮೆ ಗೌರಾಬಾಯಿಯ ಮುಖ ನೋಡಿದಳು.

"ಇಲ್ರಿ," ಎಂದಳು.

ಯಾರ ಮುಂದೂ ಹೇಳಬ್ಯಾಡ ಎಂದ ಮಾತನ್ನು ಉಳಿಸಿಕೊಂಡಿದ್ದಳು ಆ ಪುಣ್ಯಾತ್ಗಿತ್ತಿ. ಗೌರಾಬಾಯಿ ಬಾಯಿ ಬಿಡಲಿಲ್ಲ. ಹೊರಗೆ ಬರುವಾಗ ಡಾಕ್ಟರಬಾಯಿ ಗೌರಾಬಾಯಿಯ ಭುಜ ಹಿಡಿದು, "ನಿಮ್ಮ ಗುಳಿಗಿ ಅಕಿಗೆ ಎಂದೂ ಕೊಡಬ್ಯಾಡ್ರಿ ಮತ್ತ! ಗಂಟ ಇದ್ದಾಕಿಗೆ ಅದು ವಿಷ," ಎಂದು ಸಹಜವಾಗಿ ಎಚ್ಚರಿಸಿದರು. ಆಗಲೂ ಇವಳು ಗೋಣು ಹಾಕಿ ಬಂದಳು. ತನ್ನ ಹೇಡಿತನಕ್ಕೆ ತಾನೇ ಅಸಹ್ಯಪಟ್ಟುಕೊಂಡಳು.

ಆಪರೇಶನ್ ಆಯಿತು. ಎಡ ಎದೆ ತೆಗೆದರು. ಖರ್ಚೆಲ್ಲ ಗೌರಾಬಾಯಿಯದೇ. ದೇವರಂಥ ಅಕ್ಕಾರು ಎಂದು ಭೀಮಾಬಾಯಿಯ ಗಂಡ ಮಾಳಸಿದ್ದ ಕಾಲಿಗೆ ಬೀಳಲು ಬಂದಾಗ ಅವಳು ಬೆಚ್ಚಿ ಹಿಂದೆ ಸರಿದಳು. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಮಾಳಸಿದ್ದ ಚಹಾ ತರಲು ಹೋದಾಗ ಭೀಮಾಬಾಯಿ ಮೆಲ್ಲಗೆ ಕರೆದಳು.

"ಅಕ್ಕಾರ, ಮತ್ತ ಬೆಂಕಿ ಸುರು ಆಗೇತ್ರಿ. ಆ ಗುಳಿಗಿ ಒಂದ ತಂದೀರೇನ್ರಿ?"

ಇನ್ನು ಮುಚ್ಚಿಡುವಂತಿರಲಿಲ್ಲ. ತಾನು ಕೊಡದಿದ್ದರೆ ಭೀಮಾಬಾಯಿ ಯಾರ ಕೈಯಿಂದಲಾದರೂ ತರಿಸಿ ನುಂಗುವವಳೇ. ಗೌರಾಬಾಯಿ ಮಂಚದ ಅಂಚಿಗೆ ಕುಳಿತು, ತಲೆ ತಗ್ಗಿಸಿ, ಪರದೆಯ ಹಿಂದೆ ತನಗೆ ಕೇಳಿದ್ದು, ಆಮೇಲೆ ಡಾಕ್ಟರಬಾಯಿ ಹೇಳಿದ್ದು, ಎಲ್ಲ ಹೇಳಿದಳು.

ಭೀಮಾಬಾಯಿ ಬಲ ಮೊಣಕೈ ಊರಿ ಅರ್ಧ ಎದ್ದು ಕುಳಿತಳು.

"ನಿಮಗ ಗುಳಿಗಿ ಕೊಡೂ ಮೊದಲ ಅವರು ಎದಿ ಮುಟ್ಟಿ ನೋಡಿದ್ರು?"

"ನೋಡಿದ್ರು."

"ಗಂಟ ಐತೇನಂತ ಕೇಳಿದ್ರು?"

"ಕೇಳಿದ್ರು ಭೀಮವ್ವ. ನಿನ್ನ ಮುಂದ ಹೇಳಾಕ ನನಗ ನಾಚಿಕಿ ಬಂತು."

ಭೀಮಾಬಾಯಿ ಬ್ಯಾಂಡೇಜಿನ ಮೇಲೆ ಕೈಯಿಟ್ಟುಕೊಂಡು ಅವಳನ್ನೇ ನೋಡಿದಳು.

"ನಾಚಿಕಿ ನಿಮಗ ಬಂತ್ರಿ. ಎದಿ ನಂದು ಹೋತು."

ಗೌರಾಬಾಯಿ ಮಂಚದಿಂದ ಎದ್ದಳು. ಕಣ್ಣು ಒರೆಸಿಕೊಳ್ಳದೆ, ಗುಳಿಗೆ ಕೊಟ್ಟದ್ದನ್ನು ಹೇಳಲು ಡಾಕ್ಟರಬಾಯಿಯ ಕೋಣೆಯ ಕಡೆ ನಡೆದಳು.