ಹಗ್ಗ ಹಿಡಿದವಳ ಉಸಿರು

ದರ್ಜಿಯಕ್ಕನಿಗೆ ಸಿಟ್ಟು ಬಂದರೆ ಅವಳ ಹೊಲಿಗೆ ಯಂತ್ರದ ಸದ್ದೇ ಬೇರೆಯಾಗುತ್ತದೆಂದು ಬೀದಿಯವರಿಗೆಲ್ಲ ಗೊತ್ತಿತ್ತು. ಆ ವಾರವಿಡೀ ಯಂತ್ರ ಕಡಿವಾಣವಿಲ್ಲದೆ ಓಡಿತು. ಷರಟು ಹೊಲಿಸಲು ಬಂದವರು ಬಟ್ಟೆಯನ್ನು ಬಾಗಿಲಲ್ಲೇ ಇಟ್ಟು, ಯಾವಾಗ ಬರಲಿ ಎಂದೂ ಕೇಳದೆ ಜಾಗ ಖಾಲಿ ಮಾಡಿದರು. ಸಿಟ್ಟಿನ ಕಾರಣ ಒಳಕೋಣೆಯಲ್ಲಿ, ಅವಳ ಇಸ್ತ್ರಿ ಮೇಜಿನ ಮೇಲೆಯೇ ಠೀವಿಯಿಂದ ಕೂತಿತ್ತು. ಗಂಡ ತಂದಿದ್ದ ಉಸಿರಿನ ಯಂತ್ರ.

ಗಂಡ ವಾರದ ಆರು ದಿನ ಪೇಟೆಯ ಅಂಗಡಿಯಲ್ಲಿ ಕನ್ನಡಕ ಮಾರುತ್ತಿದ್ದ, ಭಾನುವಾರ ಕಡಲಿಗಿಳಿದು ಈಟಿಯಿಂದ ಮೀನು ಬೇಟೆಯಾಡುತ್ತಿದ್ದ. ಅವನಂಥವರದ್ದೇ ಒಂದು ಸಂಘವಿತ್ತು. ಆ ಸಂಘದ ಕಟ್ಟಳೆ ವಿಚಿತ್ರ. ಎದೆಯಲ್ಲಿ ಎಷ್ಟು ಉಸಿರಿದೆಯೋ ಅಷ್ಟರಲ್ಲೇ ಇಳಿಯಬೇಕು, ಹೊಡೆಯಬೇಕು, ಮೇಲೆ ಬರಬೇಕು. ಇಳಿದವನ ಸೊಂಟಕ್ಕೊಂದು ಹಗ್ಗ. ಹಗ್ಗದ ಇನ್ನೊಂದು ತುದಿ ದೋಣಿಯಲ್ಲಿ ಕೂತವರ ಕೈಯಲ್ಲಿ. ಅವನು ಮುಳುಗಿದ ಗಳಿಗೆಯಿಂದ ದೋಣಿಯಲ್ಲಿದ್ದವರೂ ಉಸಿರು ಬಿಗಿಹಿಡಿಯಬೇಕು. ಇನ್ನು ಆಗುವುದಿಲ್ಲ ಎನ್ನಿಸಿದಾಗ ಹಗ್ಗ ಎಳೆಯಬೇಕು. ಎಳೆದರೆ ಮುಗಿಯಿತು, ಕಣ್ಣೆದುರು ಎಂಥ ಮೀನಿದ್ದರೂ ಬಿಟ್ಟು ಬರಬೇಕು. ಮೀನನ್ನು ತೂಗುವಾಗ ಹಗ್ಗ ಹಿಡಿದವರು ಎದ್ದು ನಿಂತು "ನಾನೂ ಉಸಿರು ಹಿಡಿದಿದ್ದೆ" ಎನ್ನಬೇಕು. ಆ ಒಂದು ಮಾತು ಬಿದ್ದ ಮೇಲೆಯೇ ತೂಕ ಗೋಡೆಯ ಹಲಗೆಗೆ ಏರುತ್ತಿತ್ತು.

ಮದುವೆಯಾದಂದಿನಿಂದ ಅವನ ಹಗ್ಗ ಅವಳ ಕೈಯಲ್ಲೇ. ತನ್ನಿಂದಾಗಿ ಗಂಡನಿಗೆ ಮೀನು ತಪ್ಪಬಾರದೆಂದು ಅವಳು ಹೊಲಿಯುತ್ತ ಹೊಲಿಯುತ್ತಲೇ ಅಭ್ಯಾಸ ಮಾಡಿದ್ದಳು. ಪ್ಯಾಂಟಿನ ಒಂದು ಕಾಲನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿನಲ್ಲಿ ಹೊಲಿದು ಮುಗಿಸುತ್ತಿದ್ದಳು. ಬೇರೆ ದಂಪತಿ ಸಿನಿಮಾಕ್ಕೆ ಹೋಗುತ್ತಾರೆ, ನಾವು ಜೊತೆಯಾಗಿ ಉಸಿರುಗಟ್ಟುತ್ತೇವೆ ಎಂದು ನಗುತ್ತಿದ್ದಳು. ನಗೆಯ ಹಿಂದೆ ಹೆಮ್ಮೆಯೂ ಇತ್ತು.

ಈಗ ಈ ಯಂತ್ರ. ಬಿಟ್ಟ ಉಸಿರನ್ನೇ ತೊಳೆದು ತಿರುಗಿ ಕೊಡುತ್ತದಂತೆ. ನೀರಿನಲ್ಲಿ ಒಂದು ಗುಳ್ಳೆಯೂ ಏಳುವುದಿಲ್ಲ, ಸದ್ದೂ ಇಲ್ಲ, ಮೀನಿಗೆ ಸುಳಿವೇ ಸಿಗುವುದಿಲ್ಲ. ಗಂಟೆಗಟ್ಟಲೆ ತಳದಲ್ಲಿ ಕೂರಬಹುದು. ಎಷ್ಟೋ ತಿಂಗಳಿಂದ ಗೆಳೆಯರ ಜೊತೆ ಈಜಲು ಹೋಗುತ್ತೇನೆಂದು ಹೇಳಿ ಅವನು ಇದನ್ನೇ ಅಭ್ಯಾಸ ಮಾಡುತ್ತಿದ್ದ ಎನ್ನುವುದು ಅವಳಿಗೆ ಈಗ ಗೊತ್ತಾಗಿತ್ತು.

"ನನ್ನ ಉಸಿರನ್ನೇ ನಾನು ತಿರುಗಿ ಎಳ್ಕೊಳ್ತೀನಿ ಕಣೇ. ಇದ್ರಲ್ಲಿ ಮೋಸ ಎಲ್ಲಿ ಬಂತು?" ಎಂದ.

"ಮೋಸ ಇಲ್ದಿದ್ರೆ ಕಂಬಳಿ ಸುತ್ಕೊಂಡು ಯಾಕೆ ತಂದ್ರಿ?"

"ಮಳೆ ಬರೋ ಹಾಗಿತ್ತು."

"ಕಡಲಿಗೆ ಇಳಿಸೋ ಯಂತ್ರ ಮಳೇಲಿ ನೆಂದ್ರೆ ಕೆಡುತ್ತೇನ್ರೀ?"

ಅವನು ಕನ್ನಡಕ ತೆಗೆದು ಒರೆಸತೊಡಗಿದ.

ಆದರೂ ಭಾನುವಾರ ಅವಳು ದೋಣಿ ಹತ್ತಿದಳು. ಬರುವುದಿಲ್ಲ ಎಂದರೆ ಇವನು ಒಬ್ಬನೇ ಹೋಗುವ ಆಸಾಮಿ, ಆ ಭಯಕ್ಕೆ. ಕಟ್ಟಳೆಗೆಂದು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತ ಅವನು ಹೇಳಿದ, "ಏನೇ ಆದ್ರೂ ಎಳೀಬೇಡ. ಇದನ್ನ ಹಾಕ್ಕೊಂಡು ಗಾಬರೀಲಿ ಸರ್ರನೆ ಮೇಲೆ ಬಂದ್ರೆ ಒಳಗಿನ ಗಾಳಿ ಉಬ್ಬಿ ಎದೆ ಒಡೆದು ಹೋಗುತ್ತೆ."

ಅವನು ಮುಳುಗಿದ. ಅಭ್ಯಾಸ ಬಲದಿಂದ ಅವಳೂ ಬಾಯಿ ಮುಚ್ಚಿದಳು. ಕಿವಿ ಗುಂಯ್‌ಗುಟ್ಟಿತು, ಎದೆ ಒಳಗಿನಿಂದ ಗುದ್ದಿತು, ಕೈ ತಾನೇ ತಾನಾಗಿ ಹಗ್ಗ ಎಳೆಯಲು ಹೊರಟಿತು. ಎಳೆದರೆ ಗಂಡ ಉಳಿಯುವುದಿಲ್ಲ. ಅವಳು ಹಗ್ಗವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಉಸಿರು ಬಿಟ್ಟಳು. ಇಷ್ಟು ವರ್ಷ ಯಾವ ಹಗ್ಗದಲ್ಲಿ ಅವನ ಜೀವ ಕಾದಳೋ ಅದೇ ಹಗ್ಗ ಎಳೆದರೆ ಇವತ್ತು ಅವನು ಸಾಯುತ್ತಾನೆ. ಅವಳ ಮೈಯೆಲ್ಲ ಉರಿದುಹೋಯಿತು. ಮೀನಿಗೆ ಮಾಡುವ ಮೋಸ ಹಾಗಿರಲಿ, ತನ್ನನ್ನು ಈ ಮನುಷ್ಯ ದೋಣಿಯ ಗೂಟ ಮಾಡಿಬಿಟ್ಟಿದ್ದ.

ದೋಣಿಯ ಕೆಳಗೆ, ಯಾರ ಉಸಿರೂ ಎಟುಕದ ಆಳದಲ್ಲಿ, ಬಂಡೆಯ ಗುಹೆಯೊಂದಿತ್ತು. ಅದರ ಬಾಯಲ್ಲಿ ಬಾಗಿಲಗಲದ ಬಂಡೆಮೀನೊಂದು ಬಂದು ನಿಲ್ಲುತ್ತಿತ್ತು. ಸಂಘದವರೆಲ್ಲ ಅದನ್ನು ಮೇಲಿನಿಂದ ನೋಡಿದವರೇ. ಅಜ್ಜಿ ಎಂದು ಹೆಸರಿಟ್ಟಿದ್ದರು. ಇವರೆಲ್ಲ ಬಂದ ಹಾಗೇ ಹೋಗುವವರು ಎಂದು ಅಜ್ಜಿಗೂ ತಿಳಿದಂತಿತ್ತು. ಒಮ್ಮೆ ಇಣುಕಿ ಒಳಗೆ ಸರಿಯುತ್ತಿದ್ದಳು. ಒಳಗೆ ಅವಳಂಥವು ಇನ್ನೂ ಇದ್ದವು, ಅಲ್ಲೇ ಮೊಟ್ಟೆಯಿಡುತ್ತಿದ್ದವು. ಆ ಗುಹೆ ಬದುಕಿದ್ದಕ್ಕೇ ಮೇಲಿನ ಬಂಡೆಗಳಲ್ಲಿ ಇವರ ಭಾನುವಾರಗಳಿಗೆ ಮೀನು ಸಿಗುತ್ತಿತ್ತು.

ಇವತ್ತು ಬಂದವನು ಹೋಗಲಿಲ್ಲ. ಬಾಗಿಲಲ್ಲೇ ಕೂತ. ಸದ್ದಿಲ್ಲ, ಗುಳ್ಳೆಯಿಲ್ಲ, ಅವಸರವಿಲ್ಲ. ಒಬ್ಬರ ಮನೆ ಬಾಗಿಲಲ್ಲಿ ಅವಿತು ಕೂತು, ಮನೆಯವರು ಹೊರಗೆ ಬಂದಾಗ ಚುಚ್ಚುವುದಕ್ಕೆ ಬೇಟೆ ಎಂದು ಯಾರು ಹೆಸರಿಟ್ಟರು? ದೋಣಿಯಲ್ಲಿ ಕೂತ ದರ್ಜಿಯಕ್ಕ ಇದನ್ನು ಗಟ್ಟಿಯಾಗಿಯೇ ಕೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಅವನು ನಿಧಾನವಾಗಿ ಮೇಲೆ ಬಂದ. ಈಟಿಯ ತುದಿಯಲ್ಲಿ ಅಜ್ಜಿ ಇದ್ದಳು. ಇಬ್ಬರೂ ಸೇರಿ ಎಳೆದು ಹಾಕಿದಾಗ ದೋಣಿ ಒಂದು ಕಡೆಗೆ ವಾಲಿತು. ಯಂತ್ರವನ್ನು ಬಿಚ್ಚಿ ಗೋಣಿಚೀಲದ ಕೆಳಗೆ ತುರುಕುತ್ತ ಅವನು, "ಆ ಮಾತು ಹೇಳ್ತೀಯಲ್ಲ?" ಎಂದ. ಅವಳು ದಡದ ಕಡೆ ನೋಡುತ್ತ ಕೂತಳು.

ಸಂಘದ ತಗಡಿನ ಶೆಡ್ಡಿನಲ್ಲಿ ಜನ ಮುತ್ತಿಕೊಂಡರು. ತಕ್ಕಡಿ ಮುಳ್ಳು ಹಿಂದೆಂದೂ ಮುಟ್ಟದ ಅಂಕಿ ಮುಟ್ಟಿತು. ಕಾರ್ಯದರ್ಶಿ ಮೀನು ನೋಡಿದ, ಗಂಡನ ಬಾಯಿಯ ಸುತ್ತ ಯಂತ್ರ ಒತ್ತಿ ಮೂಡಿದ್ದ ಕೆಂಪು ಗುರುತು ನೋಡಿದ, ಹತ್ತಿರ ಬಾಗಿ, "ನಂದೂ ಮುಂದಿನ ವಾರ ಬರುತ್ತೆ" ಎಂದು ಪಿಸುಗುಟ್ಟಿದ. ಪಿಸುಮಾತು ಅವಳ ಕಿವಿಗೂ ಬಿತ್ತು.

ಅವಳಿಗೆ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ಈ ತೂಕ ಗೋಡೆಗೇರಿದರೆ ಅದನ್ನು ಮೀರಿಸಲು ಬರೀ ಎದೆ ಇಟ್ಟುಕೊಂಡವನ ಕೈಲಾಗದು. ಹಲಗೆಯ ಮೇಲೆ ಹೆಸರು ಬೇಕಾದವರೆಲ್ಲ ಬೆನ್ನಿಗೊಂದು ಯಂತ್ರ ಹೊರುತ್ತಾರೆ. ಮಳೆಗಾಲಕ್ಕೆ ಮುಂಚೆ ಗುಹೆ ಬರಿದಾಗುತ್ತದೆ. ಎಲ್ಲವೂ ತನ್ನ ಒಂದು ಮಾತಿನ ಮೇಲೆ ನಿಂತಿತ್ತು, ಆ ಮಾತಿಗೆ ಇವರೆಲ್ಲ ನಗುನಗುತ್ತ ಕಾದಿದ್ದರು.

"ಹೇಳಿಬಿಡಮ್ಮ, ಶಾಸ್ತ್ರಕ್ಕೆ ಒಂದು ಮಾತು," ಎಂದ ಕಾರ್ಯದರ್ಶಿ, ಸೀಮೆಸುಣ್ಣ ಹಿಡಿದು.

"ನಾನು ಹಿಡಿದಿರ್ಲಿಲ್ಲ," ಎಂದಳು. "ಮೊದ್ಲು ಹಿಡಿದೆ, ಆಗ್ಲಿಲ್ಲ, ಬಿಟ್ಟೆ. ಹಗ್ಗ ಎಳೀಲಿಲ್ಲ. ಆರಾಮಾಗಿ ಉಸಿರಾಡಿದೆ, ನೀರು ಕುಡಿದೆ, ಎರಡು ಬಾಳೆಹಣ್ಣು ತಿಂದೆ. ಆಮೇಲೆ ಇವ್ರು ಬಂದ್ರು."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಗಂಡನ ಮುಖ ಕಪ್ಪಿಟ್ಟಿತು.

"ಯಂತ್ರ ಬಳಸಬಾರದು ಅಂತ ನಮ್ಮ ನಿಯಮದಲ್ಲಿ ಎಲ್ಲೂ ಇಲ್ಲಮ್ಮ," ಎಂದ ಕಾರ್ಯದರ್ಶಿ.

"ಬಾಂಬು ಹಾಕಬಾರದು ಅಂತಾನೂ ಇಲ್ಲ. ಅದನ್ನೂ ತರಿಸ್ತೀರಾ? ಹಗ್ಗ ಹಿಡಿದೋರೂ ಉಸಿರು ಹಿಡೀಬೇಕು ಅಂತ ಮಾತ್ರ ಇದೆ. ನಾನು ಹಿಡಿದಿಲ್ಲ. ಬರೀತೀರೋ, ಬಿಡ್ತೀರೋ, ನಿಮಗೆ ಬಿಟ್ಟಿದ್ದು."

ಅಷ್ಟು ಜನರೆದುರು ಬರೆಯುವ ಧೈರ್ಯ ಕಾರ್ಯದರ್ಶಿಗೆ ಬರಲಿಲ್ಲ. ಸೀಮೆಸುಣ್ಣ ಕೆಳಗಿಟ್ಟ.

ದಾರಿಯಲ್ಲಿ ಗಂಡ ಹಲ್ಲು ಕಡಿದ. "ಎಲ್ಲರೆದುರು ನನ್ನ ಮಾನ ಕಳೆದೆ. ನೀನು ಹೇಳಿದ್ದಕ್ಕೆ ಆ ಮೀನು ಬದುಕ್ತಾ?"

"ಬದುಕ್ಲಿಲ್ಲ. ಅದಕ್ಕೇ ನಂಗೆ ಇಷ್ಟು ಸಿಟ್ಟು," ಎಂದಳು.

ಆಮೇಲೆ ಮನೆಯಲ್ಲಿ ತಟ್ಟೆ ಇಡುವ ಸದ್ದು, ತಟ್ಟೆ ಎತ್ತುವ ಸದ್ದು, ಅಷ್ಟೇ. ಹೀಗೆ ಎಷ್ಟೋ ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವನು ಯಂತ್ರವನ್ನು ಅಟ್ಟಕ್ಕೆ ಸೇರಿಸಿ, ಹಗ್ಗವನ್ನು ತಂದು ಅವಳ ಹೊಲಿಗೆ ಯಂತ್ರದ ಮೇಲೆ ಎಸೆದ.

"ಬಾ. ಯಂತ್ರ ಇಲ್ದೆ ನನ್ನ ಕೈಲಾಗಲ್ಲ ಅಂತ ತಾನೇ ನಿನ್ನ ಲೆಕ್ಕ? ನನ್ನ ಎದೆ ಎಂಥದ್ದು ಅಂತ ತೋರಿಸ್ತೀನಿ."

ಅವಳು ಹೋದಳು. ಕಡಲು ತಣ್ಣಗಿತ್ತು. ಅವನು ಹಳೆಯ ಠೀವಿಯಲ್ಲೇ ಎದೆ ತುಂಬ ಗಾಳಿ ಎಳೆದುಕೊಂಡು ಮುಳುಗಿದ. ಅವಳೂ ಬಾಯಿ ಮುಚ್ಚಿದಳು. ಕಿವಿ ಗುಂಯ್‌ಗುಟ್ಟಲು ಇನ್ನೂ ಶುರುವೇ ಆಗಿರಲಿಲ್ಲ, ನೀರು ಒಡೆದು ಅವನ ತಲೆ ಮೇಲೆದ್ದಿತು. ದೋಣಿಯ ಅಂಚು ಹಿಡಿದು, ಏದುಸಿರು ಬಿಡುತ್ತ, ಕೆಮ್ಮುತ್ತ ಅವನು ರೇಗಿದ.

"ಯಾಕೆ ಅಷ್ಟು ಬೇಗ ಎಳೆದೆ? ಸೇಡು ತೀರಿಸ್ಕೊಳ್ತಿದ್ದೀಯಾ?"

ಅವಳು ಅಂಗೈ ಬಿಚ್ಚಿ ತೋರಿಸಿದಳು. ಹಗ್ಗ ಅದರ ಮೇಲೆ ಸಡಿಲವಾಗಿ ಬಿದ್ದಿತ್ತು. ಅವನು ಹಗ್ಗ ನೋಡಿದ, ಆಮೇಲೆ ಅವಳ ಮುಖ ನೋಡಿದ. ಅವಳು ಅವನನ್ನೇ ದಿಟ್ಟಿಸುತ್ತ, ಬಾಯಿ ಬಿಗಿಹಿಡಿದು, ಇನ್ನೂ ಉಸಿರು ಬಿಟ್ಟಿರಲಿಲ್ಲ.