ಕುರ್ಚಿ ಮೇಲಿನ ಹೆಸರು

ಕೇಳಿ, ಚಪ್ಪಾಳೆ ರೆಡಿ ಇಟ್ಟುಕೊಳ್ಳಿ! ಸಮಾನತೆಯ ಮೇಲೆ ದಪ್ಪ ದಪ್ಪ ಪುಸ್ತಕ ಬರೆದವರ ಕೈಲಾಗದ್ದನ್ನು ಒಂದೇ ನಿಮಿಷದಲ್ಲಿ ಮಾಡಿ ತೋರಿಸಿದ ಗಂಡು ಈ ವಿಶ್ವವಿದ್ಯಾಲಯದ ಮೈಕ್‌ನವನು. ದೊಡ್ಡ ಪ್ರೊಫೆಸರ ಪಕ್ಕ ಕಸ ಗುಡಿಸುವ ಅಕ್ಕನನ್ನು ಕೂರಿಸಿದವನು ಅವನೇ. ಇಪ್ಪತ್ತು ವರ್ಷ, ಪ್ರೊಫೆಸರುಗಳಿಲ್ಲದ ಹೊತ್ತು ನೋಡಿ, ಕ್ಯಾಂಟೀನಿನಲ್ಲಿ ಕಾಲರ್ ಎತ್ತಿ ಹೇಳಿದ್ದೂ ಅದನ್ನೇ: "ಐಡಿಯಾ ನಂದು, ಎಂಟ್ರಿ ಅಕ್ಕಂದು!"

ಇವತ್ತು ಅದೇ ಸೆಮಿನಾರ್ ಹಾಲಿನಲ್ಲಿ ಮಾತ್ರ ಅವನು ತಲೆ ತಗ್ಗಿಸಿಕೊಂಡೇ ವೈರು ಎಳೆಯುತ್ತಿದ್ದ. ಜೀವಮಾನವಿಡೀ ಇಲ್ಲಿ ಕುರ್ಚಿ ಹಾಕಿದ ಅಟೆಂಡರ್ ಅಣ್ಣ ವೇದಿಕೆಯ ಮುಂದೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕುರ್ಚಿಗಳ ಮೇಲಿನ ಹೆಸರಿನ ಬೋರ್ಡುಗಳು ತಪ್ಪಿಲ್ಲದೆ ಇದ್ದವು: ಮುಂದೆ ಪ್ರೊಫೆಸರುಗಳು, ಹಿಂದೆ ಗುಮಾಸ್ತರು. ಅಕ್ಕ ಬಾಗಿಲ ಬಳಿ ನಿಂತೇ ಇದ್ದಳು.

"ಪಾಪ, ಓದು ಬರಹ ಗೊತ್ತಿಲ್ಲದ ಮುಗ್ಧ," ದೊಡ್ಡ ಪ್ರೊಫೆಸರು ಮೈಕಿನಲ್ಲಿ ಹೇಳುತ್ತಿದ್ದರು. "ಬೋರ್ಡು ಯಾವಾಗ್ಲೂ ಅದಲು ಬದಲು. ನಾವು ಕ್ಷಮಿಸ್ತಿದ್ವಿ."

ಅಣ್ಣನ ಮಗಳು ಮೈಕ್‌ನವನ ತೋಳು ಹಿಡಿದಳು. "ಚಿಕ್ಕಪ್ಪ, ನಂಗೆ ಅಕ್ಷರ ಕಲಿಸಿದ್ದೇ ಅಪ್ಪ, ಈ ಬೋರ್ಡುಗಳನ್ನ ತೋರಿಸಿ! ದಡ್ಡ ಅನ್ನಿಸ್ಕೊಂಡೇ ಹೋಗ್ಬೇಕಾ?"

"ಸುಮ್ನಿರೇ ತಾಯಿ. ನಾನು ಬಾಯಿ ಬಿಟ್ರೆ ನನ್ನ ಕೆಲಸಕ್ಕೆ 'ಶುಭಂ' ಬೀಳುತ್ತೆ."

*

ಇಪ್ಪತ್ತು ವರ್ಷದ ಹಿಂದೆ, ಸಮಾನತೆಯ ಕುರಿತ ಸೆಮಿನಾರು. ಐದು ದೇಶಗಳ ವಿದ್ವಾಂಸರು. ಮೈಕ್‌ನವನು ತಮಾಷೆಗೆ ಅಕ್ಕನ ಹೆಸರನ್ನು ರಟ್ಟಿನ ಮೇಲೆ ಬರೆದು ಮೊದಲ ಸಾಲಿನಲ್ಲಿ, ದೊಡ್ಡ ಪ್ರೊಫೆಸರ ಪಕ್ಕದ ಕುರ್ಚಿಯ ಮೇಲಿಟ್ಟ. ಅಕ್ಕ ಅದನ್ನು ನೋಡಿದಳು, ಕೈ ಒರೆಸಿಕೊಂಡಳು, ಕೂತೇಬಿಟ್ಟಳು!

"ಯಾರ್ರೀ ಇದು ಮಾಡಿದ್ದು?" ದೊಡ್ಡ ಪ್ರೊಫೆಸರು ಗುಡುಗಿದರು. ಕೆಲಸಕ್ಕೆ ಸೇರಿ ವಾರವಾಗಿದ್ದ ಮೈಕ್‌ನವನ ಜೀವ ಬಾಯಿಗೆ ಬಂತು.

"ನಾನೇ ಸಾರ್," ಎಂದ ಅಣ್ಣ. "ಓದೋಕೆ ಬರಲ್ಲ. ಯಾರೋ ಬರೆದಿಟ್ಟಿದ್ದು ಕೈಗೆ ಸಿಕ್ತು, ಇಟ್ಟೆ."

ಅಷ್ಟರಲ್ಲಿ ಅಕ್ಕನ ಇನ್ನೊಂದು ಪಕ್ಕದಲ್ಲಿದ್ದ ಪರದೇಶದ ವಿದ್ವಾಂಸೆ ಅವಳ ಒರಟು ಅಂಗೈ ಸವರಿ, ಗುಡಿಸುವಂತೆ ಕೈಸನ್ನೆ ಮಾಡಿ, "ಮಾಮಾ, ಮಾಮಾ" ಎಂದಳು. ಅವಳ ಭಾಷೆಯಲ್ಲಿ ಮಾಮಾ ಅಂದರೆ ಅಮ್ಮ; ಅವಳಮ್ಮನೂ ಪೊರಕೆ ಹಿಡಿದವಳೇ! ಒಬ್ಬರ ಭಾಷೆ ಒಬ್ಬರಿಗೆ ಬಾರದೆಯೂ ಇಬ್ಬರೂ ಊಟದವರೆಗೆ ನಕ್ಕಿದ್ದೇ ನಕ್ಕಿದ್ದು.

ಸಂಜೆ ಕುರ್ಚಿ ಜೋಡಿಸುತ್ತಾ ಅಣ್ಣ ಅಂದ, "ಸಮಾನತೆ ಸಮಾನತೆ ಅಂತ ಮೂರು ದಿನ ಗಂಟಲು ಹರ್ಕೊತಾರೆ. ಪಕ್ಕದಲ್ಲಿ ಕೂರೋದು ಮಾತ್ರ ಅವರವರೇ ಕಣೋ."

*

ಮೈಕ್‌ನವನು ಮಲಗಿದ್ದ ಅಣ್ಣನ ಮುಖ ನೋಡಿ, ದೊಡ್ಡ ಪ್ರೊಫೆಸರ ಕೈಯಿಂದ ಮೈಕು ಕಿತ್ತುಕೊಂಡೇಬಿಟ್ಟ. ಸ್ಪೀಕರು ಕುಂಯ್ ಎಂದಿತು.

"ಒಂದ್ನಿಮಿಷ ಸಾರ್! ಎಲ್ಲಾ ನಂದೇ ಅಂತ ನೀವಿಲ್ಲದಾಗ ಕ್ಯಾಂಟೀನಲ್ಲಿ ಡೈಲಾಗ್ ಹೊಡೆದಿದ್ದೀನಿ. ಸುಳ್ಳು. ಮೊದಲ್ನೇ ಸಲ ಮಾತ್ರ ನಂದು, ಅದೂ ತಮಾಷೆಗೆ. ಆಮೇಲಿಂದ ಪ್ರತಿ ಬೋರ್ಡನ್ನೂ ಅಣ್ಣ ಓದಿ, ಯೋಚ್ನೆ ಮಾಡಿ, ಬೇಕಂತಲೇ ಬದಲಾಯಿಸ್ತಿದ್ದ. ದಡ್ಡ ಅನ್ನಿಸ್ಕೊಂಡಿದ್ದು ಮೊದಲು ನನಗೋಸ್ಕರ. ಆಮೇಲೆ ನಿಮಗೋಸ್ಕರ."

 ಮಗಳು ಮೊದಲ ಸಾಲಿನ ಬೋರ್ಡುಗಳನ್ನು ಒಂದೊಂದಾಗಿ ಎತ್ತಿ, ಗಟ್ಟಿಯಾಗಿ ಓದಿ, ಸಿಕ್ಕ ಸಿಕ್ಕ ಸಾಲಿನಲ್ಲಿ ಇಡುತ್ತಾ ಹೋದಳು. ಒಂದು ಕುರ್ಚಿ ಕರ್ರ್ ಎಂದಿತು. ಇನ್ನೊಂದು. ಆಮೇಲೆ ಇಡೀ ಹಾಲೇ ಎದ್ದಿತು.

ಆ ಗದ್ದಲದ ನಡುವೆ ದೊಡ್ಡ ಪ್ರೊಫೆಸರು ಕನ್ನಡಕ ಏರಿಸಿಕೊಂಡು, ತಮ್ಮ ಹೆಸರನ್ನು ಹುಡುಕುತ್ತಾ, ಒಂದೊಂದೇ ಸಾಲು ಹಿಂದಕ್ಕೆ ನಡೆದರು.