ಎಡಚನ ಸರದಿ

ನಮ್ಮ ಮಾವನವರಿಗೆ ಎರಡು ನಡಿಗೆಗಳಿದ್ದವು. ಒಂದು ಅವರ ಸ್ವಂತದ್ದು: ಹೆಜ್ಜೆ ಎತ್ತುವ ಮೊದಲೇ ಅದನ್ನು ಇಡಬೇಕಾದ ಜಾಗವನ್ನು ಕಣ್ಣಲ್ಲೇ ಅಳೆದು, ಬೆನ್ನು ಬಾಗಿಸದೆ, ಕೈ ಬೀಸದೆ, ತುಂಬಿದ ಕೊಡ ಹೊತ್ತವರ ಹಾಗೆ ಸಾಗುವುದು. ಇನ್ನೊಂದು ತೀರಿಹೋದ ಗೆಳೆಯನದು: ಎಡಗಾಲನ್ನು ತುಸು ಎಳೆದುಕೊಂಡು, ಭುಜ ಕುಣಿಸುತ್ತ, ದಾರಿಯಲ್ಲಿ ಸಿಕ್ಕ ಕಲ್ಲನ್ನೆಲ್ಲ ಒದೆಯುತ್ತ ಹೋಗುವ ಉಡಾಫೆಯ ನಡಿಗೆ. ಗಾಲ್ಫ್ ಮೈದಾನದಲ್ಲಿ ತಮ್ಮ ಚೆಂಡಿನ ಬಳಿಗೆ ಮೊದಲನೆಯದರಲ್ಲೂ ಗೆಳೆಯನ ಚೆಂಡಿನ ಬಳಿಗೆ ಎರಡನೆಯದರಲ್ಲೂ ಹೋಗುತ್ತಿದ್ದರು. ದೂರದಿಂದ ನೋಡಿದವರಿಗೆ ಒಂದೇ ಕಂದು ಕೋಟನ್ನು ಇಬ್ಬರು ಸರದಿಯ ಮೇಲೆ ತೊಟ್ಟು ಆಡುತ್ತಿದ್ದಾರೆ ಎನ್ನಿಸಬೇಕು, ಹಾಗೆ.

ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು ಅವರು. ಅಂಗಡಿಯ ತಕ್ಕಡಿಯ ತಳಕ್ಕೆ ಅಂಟಿಸಿದ ಚೂರು ಮೇಣವನ್ನು ಬಾಗಿಲಲ್ಲಿ ನಿಂತೇ ಗುರುತಿಸುತ್ತಿದ್ದರಂತೆ. ಸ್ನೇಹಿತರು ಇಟ್ಟ ಹೆಸರೂ ‘ತಕ್ಕಡಿ’ ಎಂದೇ. ಯಾವ ಮಾತಿಗೂ ‘ನ್ಯಾಯವಾಗಿ ಹೇಳೋದಾದ್ರೆ’ ಎಂಬ ಪೀಠಿಕೆ. ನನ್ನ ಮಗಳಿಗೂ ಪಕ್ಕದ ಮನೆಯ ಮಗುವಿಗೂ ಕಿತ್ತಳೆ ಹಂಚುವಾಗ ಕೊನೆಗೊಂದು ತೊಳೆ ಉಳಿದರೆ, ಅದನ್ನು ದಾರದಿಂದ ಸರಿಯಾಗಿ ಕೊಯ್ದು, ಬೀಜವಿದ್ದ ಅರ್ಧ ಬಂದ ಮಗುವಿಗೆ ಒಂದು ಮುತ್ತು ಹೆಚ್ಚಿಗೆ ಕೊಟ್ಟು ಲೆಕ್ಕ ಚುಕ್ತಾ ಮಾಡುತ್ತಿದ್ದರು. ಯಾರ ಪಾಲೂ ಕಡಿಮೆಯಾಗಬಾರದು. ಅವರ ಧರ್ಮಶಾಸ್ತ್ರವೆಲ್ಲ ಅಷ್ಟೇ.

ಗೆಳೆಯ ಹಲ್ಲಿನ ಡಾಕ್ಟರು. ಎಲ್ಲವನ್ನೂ ಎಡಗೈಯಲ್ಲಿ ಮಾಡುತ್ತಿದ್ದುದರಿಂದ ಬಳಗದಲ್ಲಿ ‘ಎಡಚ’. ಚೆಂಡನ್ನು ಕುಳಿಗೆ ತಳ್ಳುವ ಮೊದಲು ಬಗ್ಗಿ, ರೋಗಿಗೆ ಹೇಳಿದ ಹಾಗೆ, ‘ಬಾಯಿ ತೆಗೀರಿ’ ಎನ್ನುವುದು, ಚೆಂಡು ಬಿದ್ದ ಮೇಲೆ ‘ಉಗುಳಿ’ ಎನ್ನುವುದು ಅವರ ಚಾಳಿ. ನನ್ನ ಮಗಳು ಹುಟ್ಟುವ ಹಿಂದಿನ ವರ್ಷ, ಆಟದ ನಡುವೆಯೇ ಕಲ್ಲುಬೆಂಚಿನ ಮೇಲೆ ಕುಳಿತು, ‘ನನ್ನ ಸರದಿ ಬಂದಾಗ ಕರಿಯೋ’ ಎಂದು ಕಣ್ಣು ಮುಚ್ಚಿದವರು ಮತ್ತೆ ಏಳಲಿಲ್ಲ. ಮಾವ ಕರೆದರಂತೆ. ಸರದಿ ಬಂದಿತ್ತು, ಆಡುವವನು ಇರಲಿಲ್ಲ. ಆ ದಿನ ಬಾಕಿ ಉಳಿದದ್ದನ್ನು ಮಾವ ಅವತ್ತಿನಿಂದಲೇ ತೀರಿಸತೊಡಗಿದರು. ಕೋಟಿನ ಬಲಜೇಬಿನಲ್ಲಿ ತಮ್ಮ ಚೆಂಡು, ಎಡಜೇಬಿನಲ್ಲಿ ನೀಲಿ ಚುಕ್ಕೆಯಿಟ್ಟ ಎಡಚನ ಚೆಂಡು, ಚೀಲದಲ್ಲಿ ಡಾಕ್ಟರ ಹೆಂಡತಿಯಿಂದ ಕೇಳಿ ತಂದ ಎಡಗೈಯವರ ಕೋಲು. ಪ್ರತಿ ಕುಳಿಗೂ ಬಲಗೈಯಲ್ಲೊಂದು ಆಟ, ಎಡಗೈಯಲ್ಲೊಂದು ಆಟ, ಮಧ್ಯೆ ದನಿ ಬದಲಿಸಿ ‘ಬಾಯಿ ತೆಗೀರಿ’.

ಮೊದಮೊದಲು ಬಳಗದ ಉಳಿದಿಬ್ಬರು, ಬ್ಯಾಂಕ್ ಮ್ಯಾನೇಜರೂ ಹೆಡ್‌ಮೇಷ್ಟ್ರೂ, ಕಣ್ಣೊರೆಸಿಕೊಂಡೇ ನೋಡಿದರು. ಆಮೇಲೆ ಬೇಸತ್ತರು. ಹಿಂದೆ ಕಾಯುವವರು ಗೊಣಗುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಆ ದನಿ ಬರಬರುತ್ತ ಎಡಚನದೇ ಎನ್ನುವಷ್ಟು ತೀರ ಸರಿಯಾಗಿ ಬರುತ್ತಿತ್ತು. ಮ್ಯಾನೇಜರೇ ಒಂದು ಉಪಾಯ ಹೂಡಿದರು: ಎಡಚ ಜನ್ಮದಲ್ಲಿ ಕಾಲಿಡದ ಮೈದಾನಕ್ಕೆ ಹೋಗೋಣ, ಅಲ್ಲಿ ಅವನು ಹೇಗೆ ಆಡುತ್ತಿದ್ದ ಎಂಬ ನೆನಪೇ ಇಲ್ಲದ ಮೇಲೆ ತಕ್ಕಡಿ ಯಾರನ್ನು ಅನುಕರಿಸಿಯಾನು? ವಾಹನ ಓಡಿಸಲು ಒಪ್ಪಿದ ನನ್ನನ್ನು ಪಕ್ಕಕ್ಕೆ ಕರೆದು, ‘ಅಲ್ಲೂ ಎರಡು ಚೆಂಡು ಆಡಿದ್ರೆ ಮುಂದಿನ ವಾರದಿಂದ ನಾವಿಬ್ರೇ ಆಡ್ಕೋತೀವಿ ಕಣಮ್ಮ. ನಮಗೂ ವಯಸ್ಸಾಯ್ತು, ಹೆದರಿಕೆ ಆಗುತ್ತೆ’ ಎಂದರು. ಆ ಬಳಗ ಬಿಟ್ಟರೆ ಮಾವನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಹೊರಡುವಾಗ ಅತ್ತೆ ಮಗುವಿನ ಬಾಟಲಿಗೆ ಮುಚ್ಚಳ ಬಿಗಿಯುತ್ತ, ನನ್ನ ಮುಖ ನೋಡದೆ ಹೇಳಿದರು: ‘ಹೇಗಾದ್ರೂ ಮಾಡಿ ಒಬ್ಬರನ್ನೇ ಕರ್ಕೊಂಡು ಬಾರೇ.’

ಆ ಮೈದಾನ ಹಳೆಯ ಕಲ್ಲುಗಣಿಯನ್ನು ತುಂಬಿಸಿ ಮಾಡಿದ್ದು. ಬೆಳಗಿನ ಮಂಜು ಹುಲ್ಲಿನಿಂದ ಮೇಲೇಳದೆ ಅಲ್ಲಲ್ಲೇ ಹಾಸಿಕೊಂಡು, ಮರಗಳು ಬುಡವಿಲ್ಲದೆ ತೇಲುತ್ತಿದ್ದವು. ಕಚೇರಿಯಾತ ನಮ್ಮದೇ ಮೊದಲ ತಂಡ, ಮುಂದೆ ಯಾರೂ ಇಲ್ಲ ಎಂದು ಹೇಳಿ, ಒಂದು ನಿಯಮ ತಿಳಿಸಿದ. ದಿಣ್ಣೆಯೊಂದರ ಆಚೆಯ ಕುಳಿ ಈಚೆಯಿಂದ ಕಾಣುವುದಿಲ್ಲ. ಅಲ್ಲಿ ಆಡಿ ಮುಗಿಸಿದವರು ತಗ್ಗಿನಿಂದ ಮೇಲೆ ಬಂದು, ಕಂಬಕ್ಕೆ ತೂಗುಹಾಕಿದ ಗಂಟೆ ಬಾರಿಸಬೇಕು. ನಾವು ಮುಂದೆ ಹೋದೆವು, ಇನ್ನು ನೀವು ಆಡಬಹುದು ಎಂದು ಅದರರ್ಥ.

ಮೊದಲ ಕೆಲವು ಕುಳಿಗಳಲ್ಲಿ ಮ್ಯಾನೇಜರ ಉಪಾಯ ಫಲಿಸುವ ಹಾಗೇ ಕಂಡಿತು. ಮಾವ ಎಡಗೈ ಕೋಲನ್ನು ತೆಗೆದರು, ಆದರೆ ಎಡಚನ ನಡಿಗೆ ಬರಲಿಲ್ಲ, ದನಿಯೂ ಬರಲಿಲ್ಲ. ಅನುಮಾನಿಸುತ್ತ ಹೊಡೆದ ಚೆಂಡು ಪೊದೆ ಸೇರಿತು, ಹುಡುಕಿ ತರಬೇಕಾಯಿತು. ಮಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಕಾಲುದಾರಿಯಲ್ಲಿ ಹಿಂಬಾಲಿಸುತ್ತಿದ್ದ ನನಗೆ ಅಯ್ಯೋ ಎನ್ನಿಸಿತು. ಗುರುತಿಲ್ಲದ ಊರಲ್ಲಿ ಮಗುವಿನ ಕೈ ಬಿಟ್ಟುಹೋದವರ ಮುಖ ಅವರದಾಗಿತ್ತು.

ಗಂಟೆಯ ದಿಣ್ಣೆಯ ಮುಂದೆ ಮ್ಯಾನೇಜರೂ ಮೇಷ್ಟ್ರೂ ಹೊಡೆದ ಚೆಂಡುಗಳು ಮಂಜಿನೊಳಗೆ ಹೋಗಿ ಇಲ್ಲವಾದವು. ಮಾವ ಎರಡೂ ಅಂಗೈಗಳಲ್ಲಿ ಒಂದೊಂದು ಚೆಂಡು ಹಿಡಿದು, ತೂಗುವವರ ಹಾಗೆ ನಿಂತುಬಿಟ್ಟರು. ಮೇಷ್ಟ್ರು ಮೆಲ್ಲಗೆ, ‘ಸಾಕು ಬಿಡೋ ತಕ್ಕಡಿ, ಅವನಿಗೆ ಈ ಜಾಗ ಗೊತ್ತೇ ಇಲ್ಲ’ ಎಂದರು.

‘ನ್ಯಾಯವಾಗಿ ಹೇಳೋದಾದ್ರೆ, ನನಗೂ ಗೊತ್ತಿಲ್ಲ’ ಎಂದರು ಮಾವ. ಆಮೇಲೆ ನಮ್ಮ ಕಡೆಗಲ್ಲದೆ, ದಿಣ್ಣೆಯ ಕಡೆಗೆ: ‘ನೀನೇ ಹೇಳೋ. ನಿನ್ನ ಸರದಿ.’

ಗಂಟೆ ಮೊಳಗಿತು.

ಒಂದೇ ಒಂದು ಸಲ. ಆದರೆ ಯಾರೋ ಹಗ್ಗವನ್ನು ಪೂರ್ತಿ ಎಳೆದು ಬಿಟ್ಟಂತೆ. ಮ್ಯಾನೇಜರು, ‘ಅಲ್ಲಿ ಯಾರಾದ್ರೂ ಇದ್ರಾ? ನಾವು ಹೊಡೆದೇಬಿಟ್ವಲ್ಲಪ್ಪ’ ಎಂದು ತಡವರಿಸಿದರು. ನಾವು ಮೂವರೂ ದಿಣ್ಣೆಯನ್ನೇ ನೋಡುತ್ತಿದ್ದಾಗ ಹಿಂದಿನಿಂದ ಮಾವನ ಮಾತು ಕೇಳಿತು: ‘ಮುಂದೆ ಹೋದ. ಇನ್ನು ಒಂದೇ ಚೆಂಡು ಸಾಕು.’ ಆಮೇಲೆ ಟಕ್ ಎಂದು ಕೋಲಿನ ಸದ್ದು. ತಿರುಗಿ ನೋಡುವಾಗ ಅವರು ಒಂದು ಚೆಂಡನ್ನು ಜೇಬಿಗೆ ಹಾಕಿಕೊಂಡು ಮಂಜಿನೊಳಗೆ ಹೊರಟಾಗಿತ್ತು.

ದಿಣ್ಣೆಯಾಚೆ ಯಾರೂ ಇರಲಿಲ್ಲ. ಕಂಬದ ಸುತ್ತಲಿನ ಹುಲ್ಲಿನ ಮೇಲೆ ಇಬ್ಬನಿ ಕೆನೆಗಟ್ಟಿದಂತೆ ಬೆಳ್ಳಗಿತ್ತು, ಒಂದು ಹೆಜ್ಜೆಯ ಗುರುತೂ ಇಲ್ಲ. ಹಗ್ಗದಿಂದ ಕಂಬಕ್ಕೆ ನೇಯ್ದ ಜೇಡರ ಬಲೆ ಹನಿ ಹೊತ್ತು ಇಡಿಯಾಗಿಯೇ ಇತ್ತು. ಮೇಷ್ಟ್ರು ಗಾಳಿಯಿರಬಹುದು ಎಂದರು; ಅವರ ಸಿಗರೇಟಿನ ಹೊಗೆ ನೇರವಾಗಿ ಮೇಲೇರುತ್ತಿತ್ತು. ಆಡಿ ಮುಗಿಸಿದ ಮೇಲೆ ಮಾವ ಬಂದು, ಎಡಗೈ ಚಾಚಿ, ಬಲೆ ಹರಿದು, ನಿಯಮದಂತೆ ಗಂಟೆ ಬಾರಿಸಿದರು.

ಮುಂದೆ ಮಂಜು ಇನ್ನೂ ದಟ್ಟವಾಯಿತು. ಮ್ಯಾನೇಜರು ಪ್ರತಿ ಸಲವೂ ಉಸಿರು ಬಿಗಿಹಿಡಿದು ಕಿವಿಗೊಡುತ್ತಿದ್ದರು. ಮಾವನ ದಿಕ್ಕಿನಿಂದ ಎರಡನೆಯ ಟಕ್ ಬರಲೇ ಇಲ್ಲ. ಹಿಂದಿರುಗುವಾಗ ಇಬ್ಬರೂ ಹುಡುಗರಂತೆ ಹರಟಿದರು, ಮುಂದಿನ ವಾರದ ಆಟಕ್ಕೆ ಮಾವನನ್ನು ಮತ್ತೆಮತ್ತೆ ಕರೆದರು. ನನಗೂ ಮೈ ಹಗುರಾಗಿತ್ತು. ಚೆಂಡು ಒಂದೇ ಎಂಬ ಸಮಾಧಾನದಲ್ಲಿ, ಅದು ಯಾವ ಚೆಂಡು, ಯಾವ ಕೈ ಎಂದು ವಿಚಾರಿಸುವುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ‘ಒಬ್ಬರೇ ತಾನೆ?’ ಎಂದು ಪಿಸುಗುಟ್ಟಿದರು. ಒಬ್ಬರೇ ಅತ್ತೆ, ಒಂದೇ ಚೆಂಡು ಆಡಿದರು ಎಂದೆ. ಅವರು ನಿಟ್ಟುಸಿರು ಬಿಡುವಷ್ಟರಲ್ಲಿ ನನ್ನ ಬೆನ್ನ ಹಿಂದೆ, ಅಂಗಳದಲ್ಲಿ, ಯಾರೋ ಒದ್ದ ಕಲ್ಲೊಂದು ಉರುಳುತ್ತ ಹೋಗಿ ಗೇಟಿಗೆ ಬಡಿಯಿತು. ಅತ್ತೆಯ ಉಸಿರು ಅರ್ಧಕ್ಕೇ ನಿಂತಿತು.

ಒಗೆಯಲು ಹಾಕುವ ಮುನ್ನ ನಾನು ಎಲ್ಲರ ಜೇಬುಗಳನ್ನೂ ತಡಕುತ್ತೇನೆ. ಮಗುವಿರುವ ಮನೆಯಲ್ಲಿ ಅದೊಂದು ಅಭ್ಯಾಸವಾಗಿಬಿಡುತ್ತದೆ. ಕೋಟಿನ ಎಡಜೇಬಿನಲ್ಲಿ ನೀಲಿ ಚುಕ್ಕೆಯ ಚೆಂಡು, ಹುಲ್ಲು ಮೆತ್ತಿ, ಒದ್ದೆಯಾಗಿ. ಬಲಜೇಬಿನಲ್ಲಿ ಮಾವನದು, ಒಣಗಿ, ಒರೆಸಿಟ್ಟ ಹಾಗೆ ಶುಭ್ರವಾಗಿ. ದಿಣ್ಣೆಯ ಬಳಿ ಆಡದೆ ಜೇಬಿಗೆ ಹಿಂದಿರುಗಿದ್ದು ಅವರ ಸ್ವಂತ ಚೆಂಡು.

ನಾನು ಒಳಗೆ ಬಂದಾಗ ಅವರು ಮೇಜಿನೆದುರು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಗಂಜಿಯೆಂದರೆ ಕತ್ತು ತಿರುವಿ, ತುಟಿ ಬಿಗಿದು, ನನ್ನನ್ನೂ ಅತ್ತೆಯನ್ನೂ ದಿನವೂ ಗೋಳುಹುಯ್ದುಕೊಳ್ಳುವ ಹಟಮಾರಿ ಅವಳು. ಚಮಚ ಅವರ ಎಡಗೈಯಲ್ಲಿತ್ತು. ನಾನು ಎಂದೂ ಹತ್ತಿರದಿಂದ ಕೇಳಿರದ, ನಗುವನ್ನು ಗಂಟಲಲ್ಲೇ ಹಿಡಿದಿಟ್ಟಂಥ ದನಿಯಲ್ಲಿ ಅವರು ಹೇಳಿದರು: ‘ಬಾಯಿ ತೆಗೀರಿ.’

ಮಗು ಅವರನ್ನು ನೋಡಿತು. ಬಹಳ ದಿನಗಳಿಂದ ಬಲ್ಲವರನ್ನು ನೋಡುವಂತೆ ನೋಡಿ, ತಕ್ಷಣ ಬಾಯಿ ತೆರೆಯಿತು.

ಅತ್ತೆ ಮೇಜಿನ ಬಳಿ ಬಂದರು. ಗಂಡನ ತಟ್ಟೆಯ ಬಲಕ್ಕೆ, ಮದುವೆಯಾದಂದಿನಿಂದ ಇಡುತ್ತಿದ್ದ ಜಾಗದಲ್ಲಿದ್ದ ನೀರಿನ ಲೋಟವನ್ನು ಒಂದು ಗಳಿಗೆ ದಿಟ್ಟಿಸಿ, ಎತ್ತಿ, ತಂದು ಎಡಕ್ಕಿಟ್ಟರು.

ಆ ಲೋಟ ಈಗ ಅಲ್ಲೇ ಇದೆ, ನಾವೂ ಅದಕ್ಕೆ ಒಗ್ಗಿಕೊಂಡಿದ್ದೇವೆ. ಕೆಲವರು ಹೀಗಿರುತ್ತಾರೆ: ಯಾರಿಗೂ ಕಡಿಮೆ ತೂಗದವರು, ಎದುರಿನ ತಟ್ಟೆ ಬರಿದಾದರೆ ಸಹಿಸಲಾರದವರು. ಹಾಕಲು ಬೇರೇನೂ ಸಿಗದಿದ್ದಾಗ ತಮ್ಮನ್ನೇ ಹಿಡಿಹಿಡಿಯಾಗಿ ಎತ್ತಿ ಆ ಕಡೆಗೆ ಹಾಕುತ್ತಾರೆ, ಮುಳ್ಳು ನೆಟ್ಟಗೆ ನಿಲ್ಲುವವರೆಗೂ, ನಿಂತ ಮೇಲೂ. ಅವರ ನ್ಯಾಯವನ್ನು ತಪ್ಪೆನ್ನಲು ನಮ್ಮ ಬಳಿ ಬೇರೆ ತೂಕದ ಕಲ್ಲುಗಳಿಲ್ಲ. ಇಂಥವರ ಮನೆಯಲ್ಲಿ ಉಳಿದವರಿಗಿರುವ ಕೆಲಸ ಒಂದೇ, ಊಟಕ್ಕೆ ಬಂದವರು ಯಾರೆಂದು ಕೇಳದೆ, ಅವರ ಕೈಗೆ ಎಟುಕುವ ಕಡೆ ನೀರಿಡುವುದು.